ಉನ್ಮಾದ, ಅಪಸ್ಮಾರ, ಜಡತೆ: ಒಂದು ನಾಮವಿಮರ್ಶೆ

ನಮ್ಮ ವ್ಯವಹಾರದಲ್ಲಿ ‘ಹುಚ್ಚು’ ಎಂಬ ಶಬ್ದವು ಹೊತ್ತಿರುವಷ್ಟು ಭಾರವನ್ನು ಮತ್ತಾವ ಶಬ್ದವೂ ಹೊತ್ತಿಲ್ಲವೆಂದು ತೋರುತ್ತದೆ. ಇಲ್ಲದ ಧ್ವನಿಯನ್ನು ಕೇಳಿ ಅದಕ್ಕೆ ಪ್ರತ್ಯುತ್ತರ ಕೊಡುವವನು, ಐದು ವರ್ಷ ತುಂಬಿದರೂ ಮಾತು ಬಾರದ ಮಗು, ಇದ್ದಕ್ಕಿದ್ದಂತೆ ಬಿದ್ದು ಕೈಕಾಲು ಸೆಳೆದುಕೊಳ್ಳುವ ಹುಡುಗ, ಈ ಮೂವರನ್ನೂ ನಂಜನಗೂಡಿನಲ್ಲಾಗಲಿ ತಿರುಮಕೂಡಲಿನಲ್ಲಾಗಲಿ ಜನರು ಒಂದೇ ಪಂಕ್ತಿಯಲ್ಲಿ ಕೂರಿಸುವುದುಂಟು. ವಾಸ್ತವವಾಗಿ ಮೊದಲನೆಯದು ಮನೋರೋಗದ ಲಕ್ಷಣ. ಎರಡನೆಯದು ಬೆಳವಣಿಗೆಯ ತೊಡಕು. ಮೂರನೆಯದು ಮಿದುಳಿನ ವ್ಯಾಧಿ. ಈ ಭೇದವನ್ನು ಮಾತಿನಲ್ಲಿ ಕಳೆದುಕೊಂಡವರು ಚಿಕಿತ್ಸೆಯಲ್ಲಿಯೂ ಕಳೆದುಕೊಳ್ಳುವರೆಂಬುದೇ ಪ್ರಕೃತ ಲೇಖನದ ಅಭಿಪ್ರಾಯ.

ನಮ್ಮ ಪ್ರಾಚೀನರಲ್ಲಿ ಈ ವಿವೇಕವಿರಲಿಲ್ಲವೆಂದು ಹೇಳಲಾಗದು. ಚರಕಸಂಹಿತೆಯು ನಿದಾನಸ್ಥಾನದಲ್ಲಿಯೂ ಚಿಕಿತ್ಸಾಸ್ಥಾನದಲ್ಲಿಯೂ ಉನ್ಮಾದಕ್ಕೊಂದು, ಅಪಸ್ಮಾರಕ್ಕೊಂದು ಅಧ್ಯಾಯವನ್ನು ಪ್ರತ್ಯೇಕವಾಗಿಯೇ ಮೀಸಲಿಟ್ಟಿದೆ. ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರ ವಿಭ್ರಮವೇ ಉನ್ಮಾದ. ಸ್ಮೃತಿ ಬುದ್ಧಿ ಸತ್ತ್ವಗಳು ಕದಡಿ, ವಿಕಾರಚೇಷ್ಟೆಯೊಡನೆ ಆಗಾಗ ಕತ್ತಲೆ ಕವಿದು ಹೋಗುವುದೇ ಅಪಸ್ಮಾರ. ‘ಆಗಾಗ’ ಎಂಬ ಆ ಒಂದು ವಿಶೇಷಣದಲ್ಲಿ ಆಚಾರ್ಯನ ದೃಷ್ಟಿಯ ಸೂಕ್ಷ್ಮತೆಯೆಲ್ಲವೂ ಅಡಗಿದೆ. ಮೂರ್ಛೆ ಬಂದು ಹೋಗತಕ್ಕದ್ದು. ಎರಡು ಮೂರ್ಛೆಗಳ ನಡುವೆ ರೋಗಿಯು ಸಾಮಾನ್ಯವಾಗಿ ಎಲ್ಲರಂತೆ ಇರುವವನು. ಅವನನ್ನು ಹುಚ್ಚನೆಂದು ಕರೆಯಲು ಶಾಸ್ತ್ರದ ಸಮ್ಮತಿಯಿಲ್ಲ. ಇಂಥವರನ್ನು ನೀರು, ಬೆಂಕಿ, ಮರ, ಬೆಟ್ಟಗಳಿಂದ ಕಾಪಾಡಬೇಕೆಂಬ ಆ ಗ್ರಂಥದ ಎಚ್ಚರಿಕೆಯು ಇಂದಿಗೂ ಹಳತಾಗಿಲ್ಲ.

ಗುಣವನ್ನು ಹೇಳಿದ ಬಾಯಿಂದಲೇ ದೋಷವನ್ನೂ ಹೇಳಬೇಕಷ್ಟೆ. ಲಕ್ಷಣದಲ್ಲಿ ಇಷ್ಟು ಹರಿತವಾದ ಗ್ರಂಥವು ಒಳವಿಭಾಗಕ್ಕೆ ಬಂದೊಡನೆ ವಾತ, ಪಿತ್ತ, ಕಫ, ಸನ್ನಿಪಾತಗಳೆಂಬ ಸಿದ್ಧವಾದ ಅಚ್ಚಿನೊಳಕ್ಕೆ ಎಲ್ಲವನ್ನೂ ಎರಕ ಹೊಯ್ಯುತ್ತದೆ. ಉನ್ಮಾದಕ್ಕೆ ಇವುಗಳ ಜೊತೆಗೆ ‘ಆಗಂತು’ ಎಂಬ ಐದನೆಯದೊಂದು ಸೇರುವುದು. ಎಲ್ಲ ರೋಗಗಳಿಗೂ ಹೊಂದುವ ಅಚ್ಚು ಯಾವ ರೋಗವನ್ನೂ ವಿಶೇಷವಾಗಿ ತೋರಿಸಿಕೊಡಲಾರದು. ಇನ್ನು ಬೆಳವಣಿಗೆಯ ತೊಡಕುಗಳ ವಿಷಯ. ಸುಶ್ರುತನ ಶಾರೀರಸ್ಥಾನದಲ್ಲಿ ‘ಜಡ’ ಎಂಬವನು ಕುಬ್ಜ ವಾಮನರ ಸಾಲಿನಲ್ಲಿ ಬರುತ್ತಾನೆ. ಬಸುರಿಯ ಬಯಕೆ ತೀರದಿದ್ದುದೇ ಅದಕ್ಕೆ ಕಾರಣವೆಂದು ಹೇಳಿದೆ. ಗರ್ಭಿಣಿಯನ್ನು ಆದರಿಸಬೇಕೆಂಬ ಉಪದೇಶವಾಗಿ ಇದು ಒಳ್ಳೆಯದೇ, ಕಾರಣನಿರ್ಣಯವಾಗಿ ನಿಲ್ಲತಕ್ಕದ್ದಲ್ಲ. ಹೆತ್ತವಳ ತಲೆಗೆ ಕಟ್ಟುವ ಅಪವಾದಗಳಿಗೆ ಇದು ಮೂಲವಾಗಬಾರದು.

ಆದಾಗ್ಯೂ ಚರಕನ ಸೂತ್ರಸ್ಥಾನದ ಒಂದು ಮಾತು ಈ ದೋಷಗಳಿಗೆಲ್ಲ ಪರಿಹಾರವಾಗಿ ನಿಂತಿದೆ. ವ್ಯಾಧಿಯ ಹೆಸರನ್ನು ಹೇಳಲಾರದ ವೈದ್ಯನು ಅದಕ್ಕಾಗಿ ನಾಚಬೇಕಾಗಿಲ್ಲ. ಎಲ್ಲ ವಿಕಾರಗಳಿಗೂ ನಿಶ್ಚಿತವಾದ ಹೆಸರುಗಳಿಲ್ಲ ಎಂಬುದು ಅದರ ತಾತ್ಪರ್ಯ. ಹೆಸರಿಗಿಂತ ನೋಟ ಮೊದಲು ಎಂದಾಯಿತು.

ಈ ಮಾತಿಗೆ ನಮ್ಮ ಸೀಮೆಯಲ್ಲಿಯೇ ಒಂದು ನಿದರ್ಶನವಿದೆ. ಹಂಡೆಯಲ್ಲಿ ಕಾಯಿಸಿದ ನೀರನ್ನು ಚೊಂಬುಗಳಿಂದ ಒಂದೇ ಸಮನೆ ತಲೆಗೆ ಎರೆಯುತ್ತಿರುವಾಗ ಕೆಲವರಿಗೆ ಕಣ್ಣು ನಿಲ್ಲುತ್ತದೆ, ಮಾತು ತೊದಲುತ್ತದೆ, ಎಚ್ಚರ ತಪ್ಪುತ್ತದೆ, ಒಮ್ಮೊಮ್ಮೆ ಮೈಯೆಲ್ಲ ಸೆಟೆಯುತ್ತದೆ. ವೈದ್ಯರು ಇದನ್ನು ಬಿಸಿನೀರಿನ ಅಪಸ್ಮಾರವೆಂದು ಕರೆಯುತ್ತಾರೆ. ಇದರ ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂದಿತು. ಆದರೆ ಬಹುಸಂಖ್ಯೆಯಲ್ಲಿ ಕಂಡುಬಂದದ್ದು ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ಕರ್ನಾಟಕದಲ್ಲಿ. ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದನ್ನು ಕುರಿತು ಬರೆದರು. ಬೆಂಗಳೂರಿನ ನಿಮ್ಹಾನ್ಸಿನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ಮಂದಿ ರೋಗಿಗಳ ವಿವರವನ್ನು ಪ್ರಕಟಿಸಿದರು. ನಮ್ಮ ನೆರೆಯ ಯಳಂದೂರಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಪಸ್ಮಾರ ಸಮೀಕ್ಷೆಯಿಂದಲೂ ಈ ವ್ಯಾಧಿ ಇಲ್ಲಿ ಅಪರೂಪವಲ್ಲವೆಂದು ತಿಳಿಯಿತು.

ಎಣ್ಣೆನೀರು ನಮ್ಮಲ್ಲಿ ನಿತ್ಯದ ಕರ್ಮವಲ್ಲ. ವಾರಕ್ಕೊಮ್ಮೆ, ಹಬ್ಬಕ್ಕೊಮ್ಮೆ ಆಗತಕ್ಕದ್ದು. ನೀರು ತುಂಬುವ ಹಬ್ಬದ ಮರುದಿನವಂತೂ ಮನೆಯವರೆಲ್ಲರಿಗೂ ಅಭ್ಯಂಜನ. ಹೀಗಿರುವಲ್ಲಿ ಮೂರ್ಛೆಯೂ ತಿಥಿವಾರಗಳನ್ನು ಅನುಸರಿಸಿ ಬಂದಂತೆ ಕಾಣುವುದು ಸಹಜ. ತಿಥಿಯನ್ನು ನೋಡಿದವರು ಗ್ರಹವೆಂದರು, ಗಾಳಿಯೆಂದರು. ಹಂಡೆಯನ್ನು ನೋಡಿದವರಿಗೆ ಕಾರಣ ತಿಳಿಯಿತು. ಇಬ್ಬರೂ ಕಂಡದ್ದು ಒಂದೇ ಸಂಗತಿಯನ್ನು. ವಿಂಗಡಿಸಿದ ರೀತಿ ಬೇರೆ.

ಫಲವೂ ಬೇರೆಯಾಯಿತು. ಕಾರಣ ತಿಳಿದ ಮನೆಯಲ್ಲಿ ನೀರನ್ನು ಉಗುರುಬೆಚ್ಚಗೆ ಮಾಡಿ ಮೆಲ್ಲನೆ ಎರೆಯುತ್ತಾರೆ. ಬಚ್ಚಲಿನ ಅಗುಳಿಯನ್ನು ಹಾಕಗೊಡುವುದಿಲ್ಲ. ಬೇಕಾದವರಿಗೆ ವೈದ್ಯರು ಸ್ನಾನಕ್ಕೆ ಮುಂಚಿತವಾಗಿ ತೆಗೆದುಕೊಳ್ಳುವ ಮಾತ್ರೆಯನ್ನು ಬರೆದುಕೊಡುತ್ತಾರೆ. ಕೆಲವರಿಗೆ ಮುಂದೆ ಬಿಸಿನೀರಿಲ್ಲದೆಯೂ ಮೂರ್ಛೆ ಬರುವುದುಂಟಾದುದರಿಂದ ವೈದ್ಯರ ನೋಟವನ್ನು ತಪ್ಪಿಸಬಾರದು. ಗಾಳಿಯೆಂದ ಮನೆಯಲ್ಲಿ ಹಂಡೆಯ ಉರಿ ಹಾಗೆಯೇ ಉರಿಯುತ್ತದೆ. ಮಗು ಮತ್ತೆ ಬೀಳುತ್ತದೆ. ಬಳಿಕ ಶಾಲೆಯನ್ನು ಬಿಡುತ್ತದೆ. ಮೂರ್ಛೆ ಬರುವುದೆಂಬ ಒಂದೇ ಕಾರಣಕ್ಕಾಗಿ ಜಾಣ ಹುಡುಗರು ಹಿಂದಿನ ಬೆಂಚಿನಿಂದ ಮನೆಗೂ, ಮನೆಯಿಂದ ಮೂಲೆಗೂ ಸರಿದದ್ದನ್ನು ನನ್ನ ಅಧ್ಯಾಪಕವೃತ್ತಿಯಲ್ಲಿ ಕಂಡಿದ್ದೇನೆ.

ಈ ಸಂಕರವು ಮನೆಗಳಲ್ಲಿ ಮಾತ್ರವಲ್ಲದೆ ಶಾಸನದಲ್ಲಿಯೂ ಇದ್ದಿತು. ಹಿಂದೂ ವಿವಾಹದ ಕಾನೂನಿನಲ್ಲಿ 1976ರ ತಿದ್ದುಪಡಿಯು ಅಪಸ್ಮಾರವನ್ನು ಉನ್ಮಾದದ ಪಕ್ಕದಲ್ಲಿಯೇ ವಿವಾಹದ ಅಡ್ಡಿಯಾಗಿ ನಿಲ್ಲಿಸಿತು. ಅದನ್ನು ತೆಗೆದುಹಾಕಿದ್ದು 1999ರಲ್ಲಿ. ಚರಕನು ಬೇರ್ಪಡಿಸಿದ್ದನ್ನು ಆಧುನಿಕರು 23 ವರ್ಷ ಕೂಡಿಸಿಟ್ಟಿದ್ದರೆಂಬುದು ಯೋಚಿಸತಕ್ಕ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ಹನ್ನೊಂದನೆಯ ರೋಗವರ್ಗೀಕರಣವು ಅಪಸ್ಮಾರವನ್ನು ನರಮಂಡಲದ ಅಧ್ಯಾಯದಲ್ಲಿರಿಸಿ, ಮನೋರೋಗಗಳನ್ನೂ ಬೆಳವಣಿಗೆಯ ತೊಡಕುಗಳನ್ನೂ ಮತ್ತೊಂದು ಅಧ್ಯಾಯದಲ್ಲಿ ಒಟ್ಟಿಗೆ ಸೇರಿಸಿದೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯಪಾಲನಾ ಶಾಸನವಾದರೋ ಬುದ್ಧಿಯ ಬೆಳವಣಿಗೆ ಕುಂಠಿತವಾದುದನ್ನು ಮನೋರೋಗದ ಲಕ್ಷಣದಿಂದ ಹೊರಗಿಡುತ್ತದೆ. ವೈದ್ಯನ ಪ್ರಯೋಜನ ಬೇರೆ, ನ್ಯಾಯಾಧೀಶನ ಪ್ರಯೋಜನ ಬೇರೆ. ಪ್ರಯೋಜನವನ್ನು ಬಿಟ್ಟ ವರ್ಗೀಕರಣವು ಬರಿಯ ಪಟ್ಟಿ.

ಕಡೆಯದಾಗಿ ನಮ್ಮ ಹೊಸ ಪರಿಭಾಷೆಯನ್ನು ಕುರಿತು ಎರಡು ಮಾತು. ಸ್ಕಿಜೋಫ್ರೇನಿಯಾಕ್ಕೆ ‘ಇಚ್ಚಿತ್ತವಿಕಲತೆ’ ಎಂಬ ಶಬ್ದವನ್ನು ಕೆಲವರು ಬಳಸಿದ್ದಾರೆ. ಒಬ್ಬನಲ್ಲಿ ಇಬ್ಬರಿರುವರೆಂಬ ತಪ್ಪು ಭಾವನೆಯನ್ನು ಈ ಶಬ್ದವೇ ಹುಟ್ಟಿಸುತ್ತದೆ. ಜಪಾನಿನವರು ಇಂತಹದೇ ಅರ್ಥದ ತಮ್ಮ ಹಳೆಯ ಹೆಸರನ್ನು 2002ರಲ್ಲಿ ಬಿಟ್ಟುಕೊಟ್ಟರು. ಆಟಿಸಂ ಎಂಬುದಕ್ಕೆ ‘ಸ್ವಲೀನತೆ’ ಎನ್ನುವುದು ಕೇಳಲು ಮಧುರವಾದರೂ, ಮಗುವು ತಾನಾಗಿಯೇ ನಮ್ಮನ್ನು ಬಿಟ್ಟು ತನ್ನಲ್ಲಿ ಅಡಗಿತೆಂಬ ಧ್ವನಿ ಅದರಲ್ಲಿದೆ, ಅದು ಯಥಾರ್ಥವಲ್ಲ. ಸಂಸ್ಕೃತದ ಅಭಿಮಾನಿಯಾದ ನಾನು, ತಪ್ಪು ಹೇಳುವ ತತ್ಸಮಕ್ಕಿಂತ ಏನನ್ನೂ ಹೇಳದ ಅನ್ಯದೇಶ್ಯವೇ ಮೇಲೆಂದು ಇಲ್ಲಿ ಹೇಳಬೇಕಾಗಿದೆ. ಮಾತು ಬಾರದ ಮಗುವನ್ನು ‘ಮೂಗ’ನೆಂದು ಹೆಸರಿಟ್ಟು ಸುಮ್ಮನಾಗುವ ಮುನ್ನ, ಅದಕ್ಕೆ ಕಿವಿ ಕೇಳುವುದೋ ಇಲ್ಲವೋ ಎಂಬುದನ್ನು ಪರೀಕ್ಷಿಸಿದರೆ ಎಷ್ಟೋ ವೇಳೆ ದಾರಿ ಕಾಣುತ್ತದೆ. ಅದಕ್ಕಾಗಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮೈಸೂರಿನಲ್ಲಿಯೇ ಇದೆ.

ಹೆಸರು ದೀಪದಂತಿರಬೇಕು, ಮುದ್ರೆಯಂತಿರಬಾರದು. ಮುಂದೇನು ಮಾಡಬೇಕೆಂಬುದನ್ನು ಯಾವ ಹೆಸರು ತೋರಿಸುವುದೋ ಅದನ್ನು ಉಳಿಸಿಕೊಳ್ಳೋಣ. ಮುಖವನ್ನು ತಿರುಗಿಸಿಕೊಳ್ಳುವುದನ್ನು ಮಾತ್ರ ಕಲಿಸುವ ಹೆಸರನ್ನು ನಮ್ಮ ಮನೆಯ ಮಾತಿನಿಂದ ಬಿಟ್ಟುಬಿಡುವುದೇ ವಿವೇಕ.