ಪುರಾಣಕಥೆಗಳೂ ಎಳೆಯ ವಾಚಕರೂ

ಹಿಂದೂ ಮನೆತನಗಳ ಎಳೆಯರಿಗೆ ಪೂರ್ವಿಕರ ಧರ್ಮಕಥೆಗಳ ಪರಿಚಯವು ತಪ್ಪಿಹೋಗುತ್ತಿದೆಯೆಂಬ ಕೊರಗು ಇಂದಿನದಲ್ಲ. ಅದನ್ನು ನೀಗಿಸಲು ನಡೆದ ಪ್ರಯತ್ನಗಳಲ್ಲಿ ಅತ್ಯಂತ ವ್ಯಾಪಕವಾದವುಗಳ ಸಾಲಿಗೆ ಅಮರ ಚಿತ್ರಕಥೆಯ ಮಾಲಿಕೆ ಸೇರುತ್ತದೆ. ಅದರ ಪ್ರವರ್ತಕರಾದ ಅನಂತ ಪೈಯವರು 1929ರಲ್ಲಿ ಕಾರ್ಕಳದಲ್ಲಿ ಜನಿಸಿದವರು; 2011ರಲ್ಲಿ ದಿವಂಗತರಾದರು. 1967ರಲ್ಲಿ ದೆಹಲಿಯ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ, ಗ್ರೀಕ್ ಪುರಾಣವನ್ನು ಕುರಿತು ಕೇಳಿದಾಗ ಥಟ್ಟನೆ ಉತ್ತರವಿತ್ತ ವಿದ್ಯಾರ್ಥಿಗಳು ಶ್ರೀರಾಮನ ತಾಯಿಯ ಹೆಸರನ್ನು ಕೇಳಿದಾಗ ಮೌನವಾದರೆಂದೂ, ಅದನ್ನು ಕಂಡು ತಾವು ಈ ಕಾರ್ಯಕ್ಕೆ ತೊಡಗಿದುದೆಂದೂ ಅವರೇ ಹೇಳಿಕೊಂಡಿರುವರು. ಮಾಲಿಕೆಯ ಮೊದಲ 10 ಸಂಖ್ಯೆಗಳು ಪಾಶ್ಚಾತ್ಯ ಅದ್ಭುತ ಕಥೆಗಳ ರೂಪಾಂತರಗಳಾಗಿದ್ದು, 11ನೆಯದಾದ ‘ಕೃಷ್ಣ’ದಿಂದ ಅದು ಈಗಿನ ದಾರಿಯನ್ನು ಹಿಡಿಯಿತೆಂಬುದು ವಿನೋದದ ಸಂಗತಿ. ಅಲ್ಲಿಂದೀಚೆಗೆ ಹೊರಬಂದ ಪುಸ್ತಕಗಳು ನಾನೂರಕ್ಕೂ ಮಿಕ್ಕಿವೆ.

ಈ ಪುಸ್ತಕಗಳ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಅಜ್ಜಿಯರಿಲ್ಲದ ಪಟ್ಟಣದ ಮನೆಗಳಲ್ಲಿಯೂ, ಕಡಲಾಚೆ ನೆಲೆಸಿದ ಕುಟುಂಬಗಳಲ್ಲಿಯೂ ಎಷ್ಟೋ ಮಕ್ಕಳಿಗೆ ಸಾವಿತ್ರಿಯೂ ಧ್ರುವನೂ ದೊರೆತದ್ದು ಇವುಗಳಿಂದಲೇ. ಮೂವತ್ತೆರಡು ಪುಟಗಳಲ್ಲಿ ಕಥೆಯನ್ನು ಎಲ್ಲಿಯೂ ತಡವರಿಸದಂತೆ ಮುಗಿಸುವುದು ಸುಲಭದ ವಿದ್ಯೆಯಲ್ಲ. ಆದರೂ ಹುಟ್ಟಿನ ಗುಣವೊಂದು ಮಾಲಿಕೆಯನ್ನು ಬಿಡದೆ ಹಿಂಬಾಲಿಸಿದೆ. ರಸಪ್ರಶ್ನೆಯಲ್ಲಿ ಕಂಡ ಕೊರತೆಗೆ ಮದ್ದಾಗಿ ಹುಟ್ಟಿದ ಈ ಸಾಹಿತ್ಯವು ಪುರಾಣವನ್ನು ಉತ್ತರವೆಂದೇ ಭಾವಿಸಿಕೊಂಡಿತು. ರಾಮನ ತಾಯಿ ಕೌಸಲ್ಯೆಯೆಂದು ಬಲ್ಲ ಬಾಲಕನಿಗೆ ಒಂದು ಅಂಕ ದೊರೆಯುವುದೇನೋ ನಿಜ. ಮಗನು ಕಾಡಿಗೆ ಹೊರಟ ದಿನ ಆ ತಾಯಿಯು ಪತಿಯ ಮಾತನ್ನೂ ಮಗನ ನಿಶ್ಚಯವನ್ನೂ ತೂಗಿದ ಬಗೆ ಅವನಿಗೆ ತಿಳಿದಿರಬೇಕೆಂದಿಲ್ಲ.

ದ್ಯೂತಸಭೆಯ ಪ್ರಸಂಗವನ್ನೇ ನೋಡಬಹುದು. ವ್ಯಾಸಭಾರತದಲ್ಲಿ, ಕರೆಯಲು ಬಂದ ಪ್ರಾತಿಕಾಮಿಯೊಡನೆ ದ್ರೌಪದಿಯು ಅಳುತ್ತ ಹೊರಡುವುದಿಲ್ಲ. ದೊರೆಯು ಮೊದಲು ಸೋತದ್ದು ತನ್ನನ್ನೋ ತನ್ನ ಪತ್ನಿಯನ್ನೋ ಎಂದು ಕೇಳಿಕೊಂಡು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿಸುತ್ತಾಳೆ. ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಒತ್ತೆಯಿಡುವ ಅಧಿಕಾರವುಂಟೇ? ಭೀಷ್ಮನಂತಹ ಹಿರಿಯನು ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ನಿರ್ಣಯವನ್ನು ಕೊಡಲಾರದೆ ಹೋಗುತ್ತಾನೆ. ಕೌರವರಲ್ಲಿಯೇ ಒಬ್ಬನಾದ ವಿಕರ್ಣನು ಎದ್ದು, ಆಕೆಯನ್ನು ಗೆದ್ದಂತಾಗಲಿಲ್ಲವೆಂದು ವಾದಿಸುತ್ತಾನೆ. ಕರ್ಣನು ಅವನ ಬಾಯಿ ಮುಚ್ಚಿಸುತ್ತಾನೆ. ಸಭೆಯಲ್ಲಿ ಕುಳಿತು ಸುಮ್ಮನಿರುವವರಿಗೆ ತಟ್ಟುವ ಪಾಪದ ಪಾಲನ್ನು ವಿದುರನು ಪ್ರಹ್ಲಾದನ ಹಳೆಯ ಕಥೆಯಿಂದ ನೆನಪಿಸುತ್ತಾನೆ. ಕಟ್ಟಕಡೆಗೆ ಅಪಶಕುನಗಳಿಗೆ ಬೆದರಿದ ಧೃತರಾಷ್ಟ್ರನು ವರಗಳನ್ನು ಕೊಟ್ಟು ಎಲ್ಲವನ್ನೂ ಮುಚ್ಚಿಹಾಕುತ್ತಾನೆಯೇ ಹೊರತು ಆಕೆಯ ಪ್ರಶ್ನೆಗೆ ಉತ್ತರ ಬರುವುದೇ ಇಲ್ಲ. ಮೂರನೆಯ ವರವನ್ನು ಆಕೆಯು ಬೇಡವೆನ್ನುವುದರಲ್ಲಿ ಎಂತಹ ಗಾಂಭೀರ್ಯ! ಚಿತ್ರದ ಮಾಧ್ಯಮದಲ್ಲಿ ಕಣ್ಣಿಗೆ ಕಟ್ಟುವುದು ಮುಗಿಯದ ಸೀರೆಯ ರಾಶಿ. ಪವಾಡವು ಭಕ್ತರಿಗೆ ಪ್ರಿಯವಾದುದೇ. ಅದನ್ನು ತೆಗೆಯಬೇಕೆಂದು ಯಾರೂ ಹೇಳಲಾರರು. ಆದರೆ ಪವಾಡವು ಮುಂದಕ್ಕೆ ಬಂದಷ್ಟೂ ಪ್ರಶ್ನೆಯು ಹಿಂದಕ್ಕೆ ಸರಿಯುತ್ತದೆ. ಹದಿನಾರರ ಹುಡುಗಿಯೊಬ್ಬಳು ತನ್ನದೆಂದು ಎತ್ತಿಕೊಳ್ಳಬಹುದಾಗಿದ್ದುದು ಆ ಪ್ರಶ್ನೆಯನ್ನು.

ಆ ವಯಸ್ಸಿನಲ್ಲಿಯೇ ಮಾಲಿಕೆಯು ಕೈಕೊಡುತ್ತದೆ. ಎಂಟರ ಮಗುವಿಗೆ ಸಾಕಾದ ರಾಮನು ಹದಿನೆಂಟರ ತರುಣನಿಗೆ ಸಾಲನು. ವಾಲಿಯನ್ನು ಮರೆಯಲ್ಲಿ ನಿಂತು ಕೊಂದದ್ದೇಕೆಂದು ಅವನು ಕೇಳುತ್ತಾನೆ. ಹಾಗೆ ಕೇಳುವುದನ್ನು ಅಧರ್ಮವೆಂದು ಗದರಿಸುವ ಹಿರಿಯರು, ಆ ಮಾತನ್ನು ಸ್ವತಃ ವಾಲಿಯ ಬಾಯಿಂದಲೇ ವಾಲ್ಮೀಕಿಗಳು ಆಡಿಸಿರುವರೆಂಬುದನ್ನು ಮರೆತಿರುತ್ತಾರೆ. ಸಂಶಯವು ಹೊರಗಿನಿಂದ ಬಂದುದೆಂದು ತಿಳಿದ ತರುಣನು ಪರಂಪರೆಯಿಂದ ಹೊರಗೆ ನಡೆಯುತ್ತಾನೆ. ತನ್ನ ಸಂಶಯಕ್ಕೆ ಗ್ರಂಥದೊಳಗೇ ಎಡೆಯುಂಟೆಂದು ಯಾರಾದರೂ ತೋರಿಸಿದ್ದರೆ ಒಳಗೇ ಉಳಿಯುತ್ತಿದ್ದನೋ ಏನೋ.

ಕನ್ನಡದಲ್ಲಿ ಇದಕ್ಕೆ ಸಾಧನವಿಲ್ಲದಿಲ್ಲ. ಎ. ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ವು 1950ರಷ್ಟು ಹಿಂದೆಯೇ ಪ್ರಕಟವಾದ ಗ್ರಂಥ. ವ್ಯಾಸರ ಮೂಲವನ್ನು ಅನುಸರಿಸಿ ಗದ್ಯದಲ್ಲಿ ಸಂಗ್ರಹಿಸಿದ ಆ ಒಂದು ಸಂಪುಟದಲ್ಲಿ ಪಾತ್ರಗಳ ವಾದಸಂವಾದಗಳಿಗೆ ಎಡೆಯುಳಿದಿದೆ. ಭಾಷೆಯು ಇಂದಿನ ಹುಡುಗರಿಗೆ ತುಸು ಬಿಗಿಯೆನಿಸಬಹುದು. ಇಂಗ್ಲಿಷ್ ಶಾಲೆಯಲ್ಲಿ ಓದಿದವರಿಗಂತೂ ಮೊದಲ ನೂರು ಪುಟ ಕಷ್ಟವೇ. ಪಕ್ಕದಲ್ಲಿ ಒಬ್ಬ ಹಿರಿಯರು ಕುಳಿತರೆ ಆ ಕಷ್ಟವು ಕರಗುತ್ತದೆ.

ಹಾಗೆ ಪಕ್ಕದಲ್ಲಿ ಕುಳಿತುಕೊಳ್ಳುವ ಪದ್ಧತಿಗೆ ಈ ನಾಡಿನಲ್ಲಿ ಗಮಕವೆಂದು ಹೆಸರು. ಒಬ್ಬರು ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ರಾಗವಾಗಿ ವಾಚಿಸುವರು, ಇನ್ನೊಬ್ಬರು ವ್ಯಾಖ್ಯಾನಿಸುವರು. ಪದ್ಯಕ್ಕೂ ಪದ್ಯಕ್ಕೂ ನಡುವೆ ಊರಿನ ಮಾತು, ಹೋಲಿಕೆ, ತಕರಾರು ಎಲ್ಲಕ್ಕೂ ಜಾಗವುಂಟು. ಹಿಂದೆ ಎಲ್ಲ ಜಗಲಿಗಳೂ ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಮರೆತು ಆ ಕಾಲವನ್ನು ಹೊಗಳುವುದು ಸಲ್ಲದು. ಕಲೆಯೇನೋ ಅಳಿದಿಲ್ಲ: ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿಗಳಾದ ಎಚ್. ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಆದರೆ ಗಮಕವನ್ನು ವೇದಿಕೆಗೆ ಏರಿಸಿ, ಕೇಳುವವರನ್ನು ಸಾಲುಕುರ್ಚಿಗಳಲ್ಲಿ ಕೂರಿಸಿ, ಕೊನೆಗೆ ಹಾರ ಹಾಕಿ ಕಳುಹಿಸುವ ಈಗಿನ ವಾಡಿಕೆಯಿಂದ ತರುಣರು ಬಾಯಿ ಬಿಡುವ ಅವಕಾಶವೇ ಹೋಗುತ್ತಿದೆ. ವ್ಯಾಖ್ಯಾನಕ್ಕೆ ಅರ್ಧ ಗಂಟೆ ಮೀಸಲಾದ ಕಡೆ, ಕೇಳುಗರ ಪ್ರಶ್ನೆಗೆ ಹತ್ತು ನಿಮಿಷ ಬಿಡುವುದು ದುಸ್ತರವೇ?

ಚಿತ್ರಪುಸ್ತಕಗಳಿಗೂ ಇದು ಆಗದ ಕೆಲಸವೇನಲ್ಲ. ಸೀರೆಯ ರಾಶಿಯು ಇದ್ದಲ್ಲೇ ಇರಲಿ. ಮೂವತ್ತೆರಡರಲ್ಲಿ ಕಡೆಯ ಅರ್ಧ ಪುಟವನ್ನು ಬಿಡಿಸಿಕೊಂಡು, ದ್ರೌಪದಿಯು ಕೇಳಿದುದನ್ನೂ ಸಭೆಯು ಅದಕ್ಕೆ ಉತ್ತರ ಕೊಡದೆ ಹೋದುದನ್ನೂ ನಾಲ್ಕು ಸಾಲುಗಳಲ್ಲಿ ಅಚ್ಚುಮಾಡಿದರೆ, ಉಳಿದುದನ್ನು ರಾತ್ರಿಯ ಊಟದ ಹೊತ್ತಿನಲ್ಲಿ ಮನೆಯವರೇ ಮಾತಾಡಿಕೊಂಡಾರು.