ಬೆಸುಗೆ ಕಾಣದ ಬಳ್ಳಿ

ಗೋಡೆಕಾಗದಕ್ಕೆಂದು ವಿಲಿಯಂ ಮಾರಿಸ್ ಬರೆದ ಹೂಗಳು ಈಗ ಎಲ್ಲೆಲ್ಲೂ ಇವೆ: ಡೈರಿಯ ರಟ್ಟಿನ ಮೇಲೆ, ಉಡುಗೊರೆ ಸುತ್ತುವ ಕಾಗದದ ಮೇಲೆ, ಮೊಬೈಲ್ ಕವರಿನ ಮೇಲೆ. ಹಳೇ ಕಾಲದ ಚೆಂದ ಅಂತ ಕೊಳ್ಳುತ್ತೇವೆ. ಹಳತರ ಮೋಹವೊಂದೇ ಕಾರಣವಾಗಿದ್ದರೆ ವಿಕ್ಟೋರಿಯಾ ಕಾಲದ ಉಳಿದ ಗೋಡೆಕಾಗದಗಳನ್ನೂ ನಾವು ಇಷ್ಟೇ ಮುದ್ದಿಸಬೇಕಿತ್ತು.

ಅವು ಬೇಕಾದಷ್ಟಿದ್ದವು. ಇಂಗ್ಲೆಂಡಿನಲ್ಲಿ 1836ರಲ್ಲಿ ಗೋಡೆಕಾಗದದ ಸುಂಕ ರದ್ದಾಯಿತು, ಬೆನ್ನಿಗೇ ಉರುಳೆ ಯಂತ್ರ ಬಂತು. ನೆರಳು-ಬೆಳಕು ಹಾಕಿ ಗೋಡೆಯಿಂದ ಉಬ್ಬಿಸಿದ ದಪ್ಪ ಗುಲಾಬಿಗಳು ಅಗ್ಗದ ದರಕ್ಕೆ ಮನೆಮನೆ ಹೊಕ್ಕವು. ಇದನ್ನು ಕಂಡು ಸಿಡಿಮಿಡಿಗೊಂಡವರಲ್ಲಿ ಓವನ್ ಜೋನ್ಸ್ ಒಬ್ಬ. 1856ರ ‘ಗ್ರಾಮರ್ ಆಫ್ ಆರ್ನಮೆಂಟ್’ನಲ್ಲಿ ಅವನು ಅಲಂಕಾರಕ್ಕೆ ನಿಯಮಗಳನ್ನೇ ಬರೆದಿಟ್ಟ: ಹೂವನ್ನು ಕಂಡಂತೆ ಬರೆಯಕೂಡದು, ಅದನ್ನು ಸಂಕೇತವಾಗಿ ಪಳಗಿಸಬೇಕು. ವಾದ ಸರಿಯೇ. ಆದರೆ ಆ ಪಂಥದವರ ಕೈಯಲ್ಲಿ ಹೂವು ರೇಖಾಗಣಿತದ ಪಾಠವಾಗಿಬಿಟ್ಟಿತು. ಮಾರಿಸ್ ಆ ಉಬ್ಬು ಗುಲಾಬಿಗೂ ಈ ರೇಖಾಗಣಿತಕ್ಕೂ ನಡುವೆ ನಿಂತ. ಚಪ್ಪಟೆತನವನ್ನು ಒಪ್ಪಿದ, ಗಿಡ ಬೆಳೆಯುವ ರೀತಿಯನ್ನು ಬಿಟ್ಟುಕೊಡಲಿಲ್ಲ.

ಇದು ಮೊದಲ ಸಲಕ್ಕೇ ಒಲಿಯಲಿಲ್ಲ. 1862ರ ‘ಟ್ರೆಲಿಸ್’ ಅವನ ಮನೆ ರೆಡ್ ಹೌಸಿನ ತೋಟದ ಗುಲಾಬಿ ಚಪ್ಪರದಿಂದ ಬಂದದ್ದು. ಅದರ ಹಕ್ಕಿಗಳನ್ನು ಬರೆದವನು ಗೆಳೆಯ ಫಿಲಿಪ್ ವೆಬ್. ಚಪ್ಪರದ ಚೌಕಗಳು ಕಣ್ಣಿಗೆ ಹೊಡೆಯುತ್ತವೆ, ಅಚ್ಚು ಎಲ್ಲಿ ಮುಗಿಯಿತು ಎಂದು ಮಗುವೂ ತೋರಿಸೀತು.

ಅಚ್ಚು ಎಂದೆ. ಸತುವಿನ ಫಲಕದಲ್ಲಿ ತಾನೇ ಮುದ್ರಿಸಲು ಹೋಗಿ ಸೋತ ಮೇಲೆ ಮಾರಿಸ್ ಲಂಡನ್ನಿನ ಜೆಫ್ರಿ ಅಂಡ್ ಕಂಪನಿಗೆ ಕೆಲಸ ಒಪ್ಪಿಸಿದ. ಅಲ್ಲಿ ಪೇರ್ ಮರದ ಅಚ್ಚುಗಳು. ತೆಳ್ಳನೆಯ ಗೆರೆಗಳಿಗೆ ಲೋಹದ ಪಟ್ಟಿಯನ್ನು ಮರಕ್ಕೆ ಬಡಿದು ಕೂರಿಸುತ್ತಿದ್ದರು. ಅಚ್ಚನ್ನು ಬಣ್ಣದ ಗದ್ದಿಗೆಗೆ ಒತ್ತಿ, ಮೂಲೆಯ ಮೊಳೆಗುರುತು ನೋಡಿ ಕಾಗದದ ಮೇಲಿಟ್ಟು ಅದುಮಬೇಕು. ಇಡೀ ಸುರುಳಿಗೆ ಒಂದು ಬಣ್ಣ ಹಾಕಿ, ನೇತುಹಾಕಿ ಒಣಗಿಸಿ, ಆಮೇಲೆ ಮುಂದಿನ ಅಚ್ಚು. 1875ರ ‘ಅಕಾಂಥಸ್’ಗೆ ಇಂಥವು 30 ಬೇಕಾದವು. ಬಣ್ಣ ಕಾಗದಕ್ಕೆ ಇಳಿಯದೆ ಮೇಲೆ ತೆಳುವಾದ ಪೊರೆಯಾಗಿ ನಿಲ್ಲುತ್ತದೆ, ಪೊರೆಯ ಮೇಲೆ ಪೊರೆ. ಹತ್ತಿರದಿಂದ ನೋಡಿದರೆ ಅಂಚಿನಲ್ಲಿ ಬಣ್ಣ ಸಣ್ಣಗೆ ಏರು ಕಟ್ಟಿರುವುದು ಕಾಣುತ್ತದೆ.

ಅವನ ನಿಜವಾದ ಸಾಧನೆ ಇರುವುದು ಒಂದು ಅಚ್ಚು ಮುಗಿದು ಇನ್ನೊಂದು ಶುರುವಾಗುವ ಬೆಸುಗೆಯನ್ನು ಮರೆಸುವುದರಲ್ಲಿ. ಕಾಗದದ ಅಗಲ 21 ಅಂಗುಲ. ಅಷ್ಟರಲ್ಲೇ ಚಿತ್ರ ತಿರುಗಿ ತಿರುಗಿ ಬರಲೇಬೇಕು. ಮಾರಿಸ್ ಎರಡು ಪದರ ಹೂಡುತ್ತಾನೆ. 1876ರ ‘ಪಿಂಪರ್ನೆಲ್’ ನೋಡಿ: ಮುಂದೆ ದೊಡ್ಡ ಹೂಗಳ ಸುತ್ತುವ ದಂಟು, ಹಿಂದೆ ಪುಟ್ಟ ಪಿಂಪರ್ನೆಲ್‌ಗಳ ಹೆಣಿಗೆ. ಕಣ್ಣು ದೊಡ್ಡ ಬಳ್ಳಿಯ ಬೆನ್ನು ಹತ್ತಿ ಹೋಗುವಷ್ಟರಲ್ಲಿ ಚಿಕ್ಕದು ಎಳೆಯುತ್ತದೆ. ಅಚ್ಚಿನ ಗಡಿ ದಾಟಿದ್ದು ಗೊತ್ತಾಗುವುದೇ ಇಲ್ಲ. ತನ್ನ ಊಟದ ಕೋಣೆಗೆ ಅವನು ಇದನ್ನೇ ಹಚ್ಚಿಸಿದ್ದ. ಸೇಂಟ್ ಜೇಮ್ಸ್ ಅರಮನೆಗೆ ಮಾಡಿಕೊಟ್ಟ ಕಾಗದಕ್ಕೆ 68 ಅಚ್ಚು ಬಳಕೆಯಾದವು. ನನಗಂತೂ ಅಲ್ಲಿ ಖರ್ಚೇ ಹೆಚ್ಚು ಕಾಣುತ್ತದೆ.

ಆರಾಧಕರು ಮರೆಮಾಚುವ ಸಂಗತಿಗಳೂ ಇವೆ. ‘ಟ್ರೆಲಿಸ್’ನ ಹಸಿರಿನಲ್ಲಿ ಆರ್ಸೆನಿಕ್ ಇದ್ದದ್ದು 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಖಚಿತವಾಯಿತು. ಆ ವಿಷವನ್ನು ಅಗೆಯುತ್ತಿದ್ದ ಡೆವನ್ ಗ್ರೇಟ್ ಕನ್ಸೋಲ್ಸ್ ಗಣಿಯಲ್ಲಿ ಅವನ ಕುಟುಂಬದ ಷೇರುಗಳಿದ್ದವು, ಸ್ವತಃ ಅವನೇ ನಿರ್ದೇಶಕನಾಗಿದ್ದ. ಅವನ ಸಮಾಜವಾದದ ಭಾಷಣ ಬೀದಿಯಲ್ಲಿ, ಕೈಯಚ್ಚಿನ ದುಬಾರಿ ಕಾಗದ ಉಳ್ಳವರ ಮನೆಯಲ್ಲಿ. ಕೊನೆಯ ವರ್ಷಗಳ ಎಷ್ಟೋ ವಿನ್ಯಾಸ ಅವನ ಶಿಷ್ಯ ಜಾನ್ ಹೆನ್ರಿ ಡಿಯರ್ಲ್‌ನವು, ಹೆಸರು ಮಾತ್ರ ಗುರುವಿಗೆ.

ಇವತ್ತಿನ ಮರುಮುದ್ರಣದ ತೊಂದರೆ ಬೇರೆ. ಗೋಡೆಗೆಂದು ಹೆಣೆದದ್ದನ್ನು ಡೈರಿಯ ಅಳತೆಗೆ ಕುಗ್ಗಿಸಿದಾಗ ಹಿಂದಿನ ಪದರ ಮುಂದಿನದಕ್ಕೆ ಮೆತ್ತಿಕೊಳ್ಳುತ್ತದೆ. ಹಳೆಯದೆನಿಸಲೆಂದು ಕಂದು ಬಣ್ಣವನ್ನೂ ಬಳಿಯುತ್ತಾರೆ, ಮಾರಿಸ್‌ನ ಗಿಡಗಳು ಒಣಹುಲ್ಲಾಗುತ್ತವೆ. ‘ಅಕಾಂಥಸ್’ ಈ ಅಳತೆಯಲ್ಲಿ ಬರೀ ಗಜಿಬಿಜಿ. 1887ರ ‘ವಿಲೋ ಬೌ’ ಮಾತ್ರ ತಾಳಿಕೊಂಡಿದೆ: ಅದರಲ್ಲಿ ಹೂವೇ ಇಲ್ಲ, ಸಣ್ಣ ಕೊಂಬೆಗಳು, ನೀಳ ಎಲೆಗಳು, ನಡುನಡುವೆ ಬರಿಯ ಜಾಗ. ಉಡುಗೊರೆ ಕಾಗದ ಕೊಳ್ಳುವವರು ಅದನ್ನೇ ಕೊಳ್ಳಲಿ.