ಫ್ರಾಕು ತೊಟ್ಟ ಮೊಲ

ಚಿತ್ರ ಬರೆಯಲು ನನಗೆ ಬರುವುದಿಲ್ಲ ಎನ್ನುವವರು ಮೊದಲು ಮಿಫಿಯನ್ನು ನೋಡಬೇಕು. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ನಗರದ ಡಿಕ್ ಬ್ರೂನಾ 1955ರಲ್ಲಿ ಸೃಷ್ಟಿಸಿದ ಈ ಮೊಲದ ಮರಿಯ ಮುಖದಲ್ಲಿ ಇರುವುದು ಕಣ್ಣಿಗೆ ಎರಡು ಚುಕ್ಕೆ, ಬಾಯಿಗೊಂದು ಗುಣಾಕಾರ ಚಿಹ್ನೆ. ಹುಬ್ಬಿಲ್ಲ, ಹಲ್ಲಿಲ್ಲ. ಆದರೂ ಅದು ನಮ್ಮನ್ನೇ ದಿಟ್ಟಿಸುತ್ತದೆ.

ಪ್ರಾಣಿಗೆ ಬಟ್ಟೆ ತೊಡಿಸುವುದು ಹೆಚ್ಚುವರಿ ಕೆಲಸ ಅನ್ನಿಸಬಹುದು. ನಿಜಕ್ಕೂ ಅದು ಕೆಲಸವನ್ನು ಹಗುರ ಮಾಡುತ್ತದೆ. ಬೆನ್ನಿನ ಬಾಗು, ಹಿಂಗಾಲಿನ ಮಡಿಕೆ ಬಂದಾಗಲೇ ಹೊಸಬರ ಕೈ ತಡವರಿಸುವುದು. ಫ್ರಾಕು ಅದನ್ನೆಲ್ಲ ಮುಚ್ಚಿಬಿಡುತ್ತದೆ. ಬ್ರೂನಾ ಕೂಡ ಪ್ಯಾಂಟಿಗಿಂತ ಫ್ರಾಕು ಬರೆಯಲು ಇಷ್ಟಪಟ್ಟು ಮಿಫಿಯನ್ನು ಹುಡುಗಿಯಾಗಿಸಿದರಂತೆ.

ಪೆನ್ಸಿಲ್ ಹಿಡಿದು ನೋಡಿ. ಅಡ್ಡ ಮಲಗಿದ ಮೊಟ್ಟೆಯಂಥ ತಲೆ, ಮೇಲೆ ಎರಡು ಉದ್ದ ಕಿವಿ. ಕತ್ತಿನಿಂದ ಕೆಳಕ್ಕೆ ಅಗಲವಾಗುವ ಎರಡು ಗೆರೆ. ಅಂಚನ್ನು ತುಸು ಬಾಗಿಸಿದರೆ ಒಳಗೊಂದು ಮೈಯಿದೆ ಎಂಬ ಭಾವನೆ ಬರುತ್ತದೆ. ಪಕ್ಕದಲ್ಲಿ ಮೊಂಡು ಕೈ, ಕೆಳಗೆ ಪುಟ್ಟ ಪಾದ. ಕಣ್ಣಿನ ಚುಕ್ಕೆಗಳನ್ನು ದೂರದೂರ, ಮುಖದ ಕೆಳಭಾಗದಲ್ಲಿಟ್ಟರೆ ಮಗುತನ ತಾನಾಗಿ ಬರುತ್ತದೆ. ಮೇಲೆ ಸರಿಸಿದರೆ ಮೊಲಕ್ಕೆ ವಯಸ್ಸಾಗುತ್ತದೆ.

ಸುಲಭವೆಂದ ಮಾತ್ರಕ್ಕೆ ಅಗ್ಗವಲ್ಲ. ಮೊದಲ ಮಿಫಿ ಬಟ್ಟೆಯ ಗೊಂಬೆಯಂತೆ ಮೆತ್ತಗಿತ್ತು. 1963ರಲ್ಲಿ ಬ್ರೂನಾ ಮತ್ತೆ ಬರೆದಾಗ ರೂಪ ಇನ್ನಷ್ಟು ಸರಳವಾಯಿತು. ಕಪ್ಪು ಬಣ್ಣದಲ್ಲಿ ಕುಂಚ ಅದ್ದಿ ನಿಧಾನವಾಗಿ ಎಳೆದ ಅವರ ಗೆರೆಗಳಲ್ಲಿ ಸಣ್ಣ ನಡುಕವಿದೆ. ಅದನ್ನವರು ತಿದ್ದಿ ನೇರ ಮಾಡಲಿಲ್ಲ. ಹಾಗಾಗಿ ಕಲಿಯುವವರು ರಬ್ಬರನ್ನು ದೂರವಿಡುವುದೇ ಲೇಸು.